ನರ್ಸಿಂಗ್ ಟೀಚಿಂಗ್‌ಗೆ ಬಂದು ಪಿಎಚ್‌ಡಿ ಮುಗಿಸುವ ತನಕ: ನನ್ನ ಹಿಂದೆ ಬರುವವರಿಗೆ

ಹೋದ ತಿಂಗಳು ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಮೊನ್ನೆ ವಿಶ್ವವಿದ್ಯಾಲಯದ ನೋಟಿಫಿಕೇಷನ್ ಕೂಡ ಕೈಗೆ ಬಂತು. ಅಂದಿನಿಂದ ನನ್ನ ಜೂನಿಯರ್‌ಗಳು, ಹಳೆಯ ವಿದ್ಯಾರ್ಥಿನಿಯರು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ‘ಮೇಡಂ, ಎಂಎಸ್ಸಿ ಆಯ್ತು, ಟೀಚಿಂಗ್‌ಗೆ ಬರ್ಲಾ? ಬಂದ್ರೆ ಪಿಎಚ್‌ಡಿ ಎಲ್ಲಿ ಮಾಡ್ಲಿ?’ ಫೋನಿನಲ್ಲಿ ಹೇಳುವಾಗ ಪ್ರತಿ ಸಲವೂ ಏನಾದರೊಂದು ಬಿಟ್ಟುಹೋಗುತ್ತದೆ. ಅದಕ್ಕೇ ಮೊದಲಿನಿಂದ ಬರೆದಿಡುತ್ತಿದ್ದೇನೆ.

ನಾನು ಕೊಪ್ಪಳ ಜಿಲ್ಲೆಯವಳು. ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಐಸಿಯುನಲ್ಲಿ ಮೂರು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಎಂಎಸ್ಸಿ ನರ್ಸಿಂಗ್‌ಗೆ ಬಿಎಸ್ಸಿಯಲ್ಲಿ ಶೇ. 55 ಅಂಕ, ಜೊತೆಗೆ ಒಂದು ವರ್ಷದ ಅನುಭವ ಇದ್ದರೆ ಸಾಕು. ಆ ಒಂದು ವರ್ಷ ಮುಗಿಯುತ್ತಲೇ ಓಡಿಬರುವವರೇ ಹೆಚ್ಚು. ಸಾಧ್ಯವಿದ್ದರೆ ಇನ್ನೆರಡು ವರ್ಷ ವಾರ್ಡಿನಲ್ಲೇ ಇರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಒಂದೂಕಾಲು ಕೆ.ಜಿ. ತೂಗುವ ಮಗುವಿನ ಕೈಗೆ 26 ಗೇಜಿನ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವಾಗ ಚರ್ಮವನ್ನು ಎಷ್ಟು ಬಿಗಿಹಿಡಿಯಬೇಕು, ಬೆರಳು ನೀಲಿಗಟ್ಟಿದರೆ ಕೂಡಲೇ ಕಣ್ಣಿಗೆ ಬೀಳುವಂತೆ ಟೇಪನ್ನು ಎಲ್ಲಿ ಅಂಟಿಸಬೇಕು ಎಂಬುದು ಓದಿ ಬರುವಂಥದ್ದಲ್ಲ, ಮಾಡಿ ಮಾಡಿಯೇ ಬರಬೇಕು. ಈ ಮೇಡಂ ವಾರ್ಡಿನಲ್ಲಿ ದುಡಿದವರೋ ಅಲ್ಲವೋ ಎನ್ನುವುದು ಹುಡುಗಿಯರಿಗೆ ಮೊದಲ ವಾರವೇ ಗೊತ್ತಾಗಿಬಿಡುತ್ತದೆ.

ಎಂಎಸ್ಸಿ ಮಕ್ಕಳ ಆರೋಗ್ಯ ಶುಶ್ರೂಷೆಯಲ್ಲಿ ಮಾಡಿದೆ. ಮುಗಿದ ಕೂಡಲೇ ಹೋದ ಮೊದಲ ಸಂದರ್ಶನದಲ್ಲೇ ಕೆಲಸ ಕೊಡುತ್ತೇವೆ ಅಂದರು. ಆದರೆ ಎಸ್ಸೆಸ್ಸೆಲ್ಸಿಯಿಂದ ಎಂಎಸ್ಸಿವರೆಗಿನ ಎಲ್ಲ ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲೇ ಇಡಬೇಕಂತೆ. ನನಗೆ ಕೆಲಸ ತೀರಾ ಅಗತ್ಯವಿತ್ತು, ಅಪ್ಪನ ಔಷಧಿಯ ಖರ್ಚು ನನ್ನ ಮೇಲಿತ್ತು. ಆದರೂ ಒಪ್ಪಲಿಲ್ಲ. ತೋರಿಸಿ, ದೃಢೀಕರಿಸಿದ ನಕಲು ಕೊಡುತ್ತೇನೆ ಅಂದೆ, ಅವರು ಬೇಡ ಅಂದರು. ಎದ್ದು ಬಂದೆ. ಆಮೇಲೆ ಸುಮಾರು ಮೂರು ತಿಂಗಳು ಕೆಲಸವಿಲ್ಲದೆ ಕೂತೆ. ಆ ದಿನಗಳಲ್ಲಿ ಎಷ್ಟೇ ಅನುಮಾನ ಕಾಡಿದರೂ ಇವತ್ತಿಗೂ ನನ್ನ ಮಾತು ಅದೇ: ಮೂಲ ದಾಖಲೆಗಳನ್ನು ಯಾರ ಬೀರುವಿಗೂ ಕೊಡಬೇಡಿ. ಪಿಎಚ್‌ಡಿ ಅರ್ಜಿಗೆ, ಸರ್ಕಾರಿ ಹುದ್ದೆಗೆ, ನರ್ಸಿಂಗ್ ಕೌನ್ಸಿಲ್ ಕೆಲಸಕ್ಕೆ ಎಲ್ಲಕ್ಕೂ ಅವೇ ಬೇಕು. ಅವು ಇನ್ನೊಬ್ಬರ ಕೈಯಲ್ಲಿದ್ದರೆ ನೀವು ಕಾಲೇಜು ಬದಲಿಸುವುದೂ ಅವರ ಮರ್ಜಿಯಾಗುತ್ತದೆ.

ಕೊನೆಗೆ ಬೇರೊಂದು ಕಾಲೇಜಿನಲ್ಲಿ ಟ್ಯೂಟರ್ ಆಗಿ ಸೇರಿದೆ. ಐಸಿಯುನಲ್ಲಿ ಸಿಗುತ್ತಿದ್ದುದಕ್ಕಿಂತ ಸಂಬಳ ಕಡಿಮೆ. ಖಾಸಗಿ ಕಾಲೇಜುಗಳಲ್ಲಿ ಇದು ಸಾಮಾನ್ಯ ಸಂಗತಿ, ಮನೆಯವರಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಹುದ್ದೆಗಳ ಲೆಕ್ಕವನ್ನೂ ತಿಳಿದುಕೊಂಡಿರಿ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎಂಎಸ್ಸಿಯ ಜೊತೆ ಮೂರು ವರ್ಷದ ಬೋಧನಾ ಅನುಭವ ಬೇಕು, ಅಸೋಸಿಯೇಟ್ ಪ್ರೊಫೆಸರ್‌ಗೆ ಎಂಟು ವರ್ಷದ ಅನುಭವ, ಅದರಲ್ಲಿ ಐದು ವರ್ಷ ಬೋಧನೆ. ಈ ಹುದ್ದೆಗಳಿಗೆ ಪಿಎಚ್‌ಡಿ ಅಪೇಕ್ಷಣೀಯ, ಕಡ್ಡಾಯವಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ‘ಪಿಎಚ್‌ಡಿ ಇಲ್ಲದಿದ್ದರೆ ಕೆಲಸ ಹೋಗುತ್ತೆ’ ಎಂಬ ಹೆದರಿಕೆಯಲ್ಲೇ ಸಿಕ್ಕಿದ ಕಡೆ ದುಡ್ಡು ಕಟ್ಟುತ್ತಾರೆ. 1947ರ ಕೌನ್ಸಿಲ್ ಕಾಯ್ದೆಯ ಬದಲಿಗೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿದೆ. ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಯಾವ ನಿಯಮ ಜಾರಿಯಲ್ಲಿದೆ ಎಂದು ಮೂಲ ಆದೇಶವನ್ನೇ ಓದಿ, ಸ್ಟಾಫ್ ರೂಮಿನ ಮಾತನ್ನು ನಂಬಿ ಕೂರಬೇಡಿ.

ಟೀಚಿಂಗ್ ಅಂದರೆ ತರಗತಿಯಲ್ಲಿ ನಿಂತು ಪಾಠ ಹೇಳುವುದು ಎಂದುಕೊಂಡು ಬರುವವರಿಗೆ ಮೊದಲ ವರ್ಷ ಕಷ್ಟವಾಗುತ್ತದೆ. ಬೆಳಿಗ್ಗೆ ಕಾಲೇಜು ಬಸ್ಸಿನಲ್ಲಿ ಹುಡುಗಿಯರ ಜೊತೆ ಕ್ಲಿನಿಕಲ್ ಪೋಸ್ಟಿಂಗ್‌ಗೆ ಹೊರಡಬೇಕು. ಪ್ರತಿಯೊಬ್ಬಳಿಗೂ ಒಂದೊಂದು ಪೇಷೆಂಟ್ ಹಂಚಿ, ಕೇರ್ ಪ್ಲಾನ್ ತಿದ್ದಿ, ಪ್ರೊಸೀಜರ್ ಮಾಡುವಾಗ ಪಕ್ಕದಲ್ಲೇ ನಿಲ್ಲಬೇಕು. ಮಧ್ಯಾಹ್ನ ಥಿಯರಿ, ರಾತ್ರಿ ಲೆಸನ್ ಪ್ಲಾನ್. ನಡುವೆ ಇನ್‌ಸ್ಪೆಕ್ಷನ್ ಬಂದರೆ ಫೈಲು ಜೋಡಿಸುವುದೇ ಒಂದು ಕೆಲಸ. 2021ರಲ್ಲಿ ಬಿಎಸ್ಸಿಗೆ ಸೆಮಿಸ್ಟರ್ ಪದ್ಧತಿ ಬಂದ ಮೇಲೆ ಪರೀಕ್ಷೆ, ಇಂಟರ್ನಲ್ಸ್ ಎಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಆದರೆ ಮೊದಲ ಸಲ ಕೈನಡುಗುತ್ತ ಮಗುವಿನ ಎದೆಬಡಿತ ಎಣಿಸಿದ ಹುಡುಗಿ, ಕೋರ್ಸ್ ಮುಗಿಯುವ ಹೊತ್ತಿಗೆ ತಾನೇ ತಾಯಿಗೆ ಧೈರ್ಯ ಹೇಳುವುದನ್ನು ನೋಡಿದಾಗ ಆಗುವ ಸಂತೋಷ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ನನ್ನ ಪಿಎಚ್‌ಡಿ ಹುಟ್ಟಿದ್ದು ಇಂಥ ಒಂದು ಪೋಸ್ಟಿಂಗ್‌ನಲ್ಲೇ. ಕಮ್ಯುನಿಟಿ ಪೋಸ್ಟಿಂಗ್‌ಗೆಂದು ಒಂದು ಹಳ್ಳಿಗೆ ಹೋಗಿದ್ದೆವು. ಜಿಲ್ಲಾಸ್ಪತ್ರೆಯ ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಿಂದ ಹಿಂದಿನ ವಾರವಷ್ಟೇ ಮನೆಗೆ ಬಂದಿದ್ದ ಮಗು ಅಲ್ಲಿತ್ತು. ಆಸ್ಪತ್ರೆಯಲ್ಲಿ ತಾಯಿಗೆ ಕಾಂಗರೂ ಆರೈಕೆ ಚೆನ್ನಾಗಿಯೇ ಕಲಿಸಿದ್ದರು: ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ, ತಾಯಿಯ ಎದೆಯ ನಡುವೆ ಚರ್ಮಕ್ಕೆ ಚರ್ಮ ತಾಗುವಂತೆ ನೆಟ್ಟಗೆ ಮಲಗಿಸಿ, ಕತ್ತನ್ನು ಒಂದು ಬದಿಗೆ ತಿರುಗಿಸಿ ಬಟ್ಟೆಯಲ್ಲಿ ಕಟ್ಟುವುದು. ಮನೆಗೆ ಬಂದ ಮೇಲೆ ಅದು ನಿಂತೇ ಹೋಗಿತ್ತು. ನಾನು ಕೇಳಿದ್ದಕ್ಕೆ ಸೊಸೆ ತಲೆತಗ್ಗಿಸಿದಳು, ಅತ್ತೆ ಉತ್ತರ ಕೊಟ್ಟರು: ‘ದಿನಾ ಹಂಗ ಎದಿಮ್ಯಾಲ ಹಾಕ್ಕೊಂಡು ಕುಂತ್ರ ಬಾಣಂತಿಗೆ ಥಂಡಿ ಆಗಂಗಿಲ್ಲೇನ್ರೀ ಸಿಸ್ಟರ? ನಮಗ ಯಾರರ ಒಂದ್ ಮಾತ್ ಹೇಳ್ಯಾರೇನ್ರಿ?’ ಹೌದಲ್ಲ, ಆಸ್ಪತ್ರೆಯಲ್ಲಿ ಅತ್ತೆಯನ್ನು ವಾರ್ಡಿನ ಒಳಗೇ ಬಿಟ್ಟಿರಲಿಲ್ಲ. ಮನೆಯಲ್ಲಿ ಬಾಣಂತನ ನೋಡಿಕೊಳ್ಳುವವರಿಗೆ ಹೇಳದೆ ತಾಯಿಗೊಬ್ಬಳಿಗೇ ಕಲಿಸಿದರೆ ಎಷ್ಟು ದಿನ ನಡೆದೀತು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಿಎಚ್‌ಡಿ ಮಾಡಲೇಬೇಕು ಅನ್ನಿಸಿದ್ದು ಆಗ.

ಎಲ್ಲಿ ಮಾಡುವುದು ಎಂಬುದಕ್ಕೇ ಸುಮಾರು ಒಂದು ವರ್ಷ ಹಿಡಿಯಿತು. ನನ್ನ ಮುಂದೆ ಹಲವು ದಾರಿಗಳಿದ್ದವು. ಒಂದು, ನ್ಯಾಷನಲ್ ಕನ್ಸಾರ್ಷಿಯಂ: ಭಾರತೀಯ ನರ್ಸಿಂಗ್ ಕೌನ್ಸಿಲ್, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಕಟ್ಟಿದ್ದು. ದೇಶಮಟ್ಟದ ಪ್ರವೇಶ ಪರೀಕ್ಷೆ, ಬೇರೆಬೇರೆ ರಾಜ್ಯಗಳಲ್ಲಿ ಅಧ್ಯಯನ ಕೇಂದ್ರಗಳು. ಸೀಟು ಕಡಿಮೆ, ಪೈಪೋಟಿ ಹೆಚ್ಚು. ಎರಡನೆಯದು ಡೀಮ್ಡ್ ವಿಶ್ವವಿದ್ಯಾಲಯಗಳು. ಮಣಿಪಾಲ, ಬೆಳಗಾವಿಯ ಕೆಎಲ್ಇ, ಮಂಗಳೂರಿನ ನಿಟ್ಟೆ, ಯೆನೆಪೊಯ ಹೀಗೆ ನಮ್ಮಲ್ಲೇ ಹಲವಿವೆ. ಗ್ರಂಥಾಲಯ, ಸ್ಟ್ಯಾಟಿಸ್ಟಿಕ್ಸ್ ವಿಭಾಗ, ಆಸ್ಪತ್ರೆ ಎಲ್ಲ ಒಂದೇ ಆವರಣದಲ್ಲಿ ಸಿಗುವುದು ಅಲ್ಲಿನ ದೊಡ್ಡ ಅನುಕೂಲ. ಶುಲ್ಕವನ್ನು ಮಾತ್ರ ಮೊದಲ ವರ್ಷಕ್ಕಲ್ಲ, ಥೀಸಿಸ್ ಸಲ್ಲಿಸುವವರೆಗಿನ ಎಲ್ಲ ವರ್ಷಕ್ಕೂ ಲೆಕ್ಕ ಹಾಕಿ ನೋಡಬೇಕು. ಮನೋರೋಗ ಶುಶ್ರೂಷೆಯವರಾದರೆ ನಿಮ್ಹಾನ್ಸ್ ಬಗ್ಗೆ ಯೋಚಿಸಲೇಬೇಕು, ನನ್ನ ವಿಷಯಕ್ಕೆ ಅದು ಹೊಂದುತ್ತಿರಲಿಲ್ಲ. ಸಾರ್ವಜನಿಕ ಆರೋಗ್ಯ ಅಥವಾ ಶಿಕ್ಷಣ ವಿಷಯದಲ್ಲಿ ಪಿಎಚ್‌ಡಿ ಮಾಡು ಎಂದವರೂ ಇದ್ದರು. ಆದರೆ ಕೌನ್ಸಿಲ್ ನಿಯಮದಲ್ಲಿ ಬರೆದಿರುವುದು ನರ್ಸಿಂಗ್ ಪಿಎಚ್‌ಡಿ ಎಂದು, ಆದ್ದರಿಂದ ನರ್ಸಿಂಗ್ ಕಾಲೇಜಿನಲ್ಲೇ ಉಳಿಯುವ ನಾನು ಆ ಕಡೆ ಹೋಗಲಿಲ್ಲ.

ಇನ್ನೊಂದು ಅಮೆರಿಕದ ದಾರಿ. ಬಿಎಸ್ಸಿಯಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಅಲ್ಲಿ ಡಿಎನ್‌ಪಿ ಮಾಡಿದ್ದಾಳೆ, ನೀನೂ ಬಾ ಎಂದು ಬಹಳ ಹೇಳಿದಳು. ಡಿಎನ್‌ಪಿ ಅಂದರೆ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟಿಸ್. ರೋಗಿಗಳ ಜೊತೆ ಉನ್ನತ ಮಟ್ಟದಲ್ಲಿ ಕೆಲಸ ಮಾಡುವವರಿಗೆ, ಆಸ್ಪತ್ರೆಯ ಪದ್ಧತಿಗಳನ್ನು ಸುಧಾರಿಸುವವರಿಗೆ ಇರುವ ಪದವಿ. ಹೊಸ ಜ್ಞಾನ ಹುಡುಕುವ ಸಂಶೋಧನೆಗೆ ಅಲ್ಲೂ ಪಿಎಚ್‌ಡಿಯೇ. ಅಲ್ಲಿ ಪಿಎಚ್‌ಡಿಗೆ ಎಷ್ಟೋ ಕಡೆ ವಿಶ್ವವಿದ್ಯಾಲಯವೇ ಶುಲ್ಕ ಭರಿಸಿ ಸ್ಟೈಪೆಂಡ್ ಕೊಡುತ್ತದೆ, ಡಿಎನ್‌ಪಿಗೆ ಸಾಮಾನ್ಯವಾಗಿ ಕೈಯಿಂದಲೇ ಕಟ್ಟಬೇಕು. ಅವಳಿಗೆ ಅಲ್ಲೇ ನರ್ಸ್ ಪ್ರಾಕ್ಟಿಷನರ್ ಆಗಿ ಇರಬೇಕಿತ್ತು, ಅವಳ ಆಯ್ಕೆ ಸರಿಯೇ. ನನ್ನ ಪ್ರಶ್ನೆಗೆ ಉತ್ತರ ಸಿಗುವುದು ನಮ್ಮೂರಿನ ಅಡುಗೆಮನೆಯ ಪಕ್ಕದ ಬಾಣಂತಿ ಕೋಣೆಯಲ್ಲಿ. ಹಾಗಾಗಿ ಇಲ್ಲೇ, ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಪಿಎಚ್‌ಡಿ ಎಂದು ತೀರ್ಮಾನಿಸಿದೆ.

‘ಮನೆಯಲ್ಲೇ ಕೂತು ಆನ್‌ಲೈನ್ ಪಿಎಚ್‌ಡಿ’ ಎಂಬ ಜಾಹೀರಾತುಗಳು ನನ್ನ ಫೋನಿಗೂ ಬರುತ್ತಿದ್ದವು. ದೂರಶಿಕ್ಷಣ ಅಥವಾ ಆನ್‌ಲೈನ್ ಕ್ರಮದಲ್ಲಿ ಪಿಎಚ್‌ಡಿ ಕೊಡುವಂತಿಲ್ಲ ಎಂದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಪಾರ್ಟ್‌ಟೈಮ್ ಮಾಡಬಹುದು, ಅದಕ್ಕೆ ಕೆಲಸ ಮಾಡುವ ಸಂಸ್ಥೆಯಿಂದ ಎನ್‌ಒಸಿ ಬೇಕು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಹೆಂಗಸರಿಗೆ ಮತ್ತೆರಡು ವರ್ಷದ ರಿಯಾಯಿತಿ ಇದೆ, ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನಗಳವರೆಗೆ ರಜೆಯೂ ಇದೆ. ಮದುವೆ, ಮಕ್ಕಳು ಎಂದು ಹಿಂಜರಿಯುವವರು ಈ ಸಾಲನ್ನು ಮತ್ತೊಮ್ಮೆ ಓದಿಕೊಳ್ಳಿ.

ಪ್ರವೇಶ ಪರೀಕ್ಷೆಗೆ ರಿಸರ್ಚ್ ಮೆಥಡಾಲಜಿ, ಸ್ಟ್ಯಾಟಿಸ್ಟಿಕ್ಸ್ ಚೆನ್ನಾಗಿ ಓದಿಕೊಂಡರೆ ಸಾಕಾಯಿತು. ಪರೀಕ್ಷೆಗಿಂತ ನನ್ನನ್ನು ಸುಸ್ತು ಮಾಡಿದ್ದು ದಾಖಲೆಗಳು. ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಹೆಸರಿನ ಜೊತೆ ಒಂದು ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಮದುವೆಯ ನಂತರ ಮಾಡಿಸಿದ ಪ್ಯಾನ್‌ನಲ್ಲಿ ಗಂಡನ ಹೆಸರು. ಮೂರೂ ಒಬ್ಬಳೇ ಎಂದು ನೋಟರಿ ಅಫಿಡವಿಟ್ ಮಾಡಿಸಬೇಕಾಯಿತು. ಹಿಂದಿನ ವಿಶ್ವವಿದ್ಯಾಲಯದ ಮೈಗ್ರೇಷನ್ ಸರ್ಟಿಫಿಕೇಟ್, ಘಟಿಕೋತ್ಸವದ ಪದವಿ ಪ್ರಮಾಣಪತ್ರ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನವೀಕರಿಸಿದ ರಿಜಿಸ್ಟ್ರೇಷನ್, ಎಂಎಸ್ಸಿಯನ್ನು ಹೆಚ್ಚುವರಿ ಅರ್ಹತೆಯಾಗಿ ಸೇರಿಸಿದ ದಾಖಲೆ, ಸೇರಿದ ಮತ್ತು ಬಿಟ್ಟ ದಿನಾಂಕ ಎರಡೂ ಇರುವ ಅನುಭವ ಪತ್ರಗಳು, ಇಷ್ಟನ್ನು ಈಗಲೇ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ನಾನು ಕೆಲಸ ಮಾಡಿದ್ದ ಒಂದು ಕಡೆಯಿಂದ ಬಂದ ಅನುಭವ ಪತ್ರದಲ್ಲಿ ದಿನಾಂಕವೇ ಇರಲಿಲ್ಲ. ಅದನ್ನು ಸರಿಪಡಿಸಿಕೊಡಲು ಅವರು ವಾರಗಟ್ಟಲೆ ಅಲೆಸಿದರು. ಫಾರಂ 16 ಮತ್ತು ಪಿಎಫ್ ಪಾಸ್‌ಬುಕ್ ತೋರಿಸಿದ ಮೇಲೆ ಕೆಲಸವಾಯಿತು.

2019ರಲ್ಲಿ ನೋಂದಣಿ ಆಯಿತು. ಕೋರ್ಸ್‌ವರ್ಕ್ ನಡೆಯುತ್ತಿರುವಾಗಲೇ ನನ್ನ ಗೈಡ್ ವಿದೇಶದಲ್ಲಿ ಕೆಲಸ ಸಿಕ್ಕಿ ಹೊರಟರು. ಅವರ ಮೇಲೆ ನನಗೆ ಬೇಸರವಿಲ್ಲ, ಅವರಿಗೂ ಸಂಸಾರವಿದೆ. ಆದರೆ ಗೈಡ್ ಬದಲಾವಣೆಯ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಬರುವಷ್ಟರಲ್ಲಿ ಒಂದು ಸೆಮಿಸ್ಟರ್ ಕಳೆದುಹೋಯಿತು. ಆ ದಿನಗಳಲ್ಲಿ ಬಿಟ್ಟುಬಿಡಲೇ ಎಂದು ರಾತ್ರಿಯೆಲ್ಲ ಯೋಚಿಸಿದ್ದೇನೆ. ಗೈಡನ್ನು ಆರಿಸುವಾಗ ಅವರ ವಿಷಯದ ಜೊತೆ ಇದನ್ನೂ ಕೇಳಿ: ಅವರ ಕೈಯಲ್ಲಿ ಈಗ ಎಷ್ಟು ಜನ ಇದ್ದಾರೆ, ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ. ಈಗಿನ ನಿಯಮದಂತೆ ಪ್ರೊಫೆಸರ್ ಒಬ್ಬರು ಒಟ್ಟಿಗೆ ಎಂಟು ಜನರಿಗೆ, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಜನರಿಗೆ ಮಾತ್ರ ಪಿಎಚ್‌ಡಿ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸಾಧ್ಯವಾದರೆ ಅವರ ಬಳಿ ಈಗ ಓದುತ್ತಿರುವ ಒಬ್ಬರನ್ನು ಭೇಟಿಯಾಗಿ, ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿಕೊಡುತ್ತಾರೆ ಎಂದು ಕೇಳಿ. ನನಗೆ ಎರಡನೆಯ ಗೈಡ್ ಸಿಕ್ಕಿದ್ದು ದೊಡ್ಡ ಪುಣ್ಯ. ಅವರು ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲ್‌ನಿಂದ ಪ್ರಶ್ನೆ ಬರೆಯುತ್ತಿದ್ದರು.

ವಿಷಯ ಮಂಡಿಸಿದಾಗ ಸಮಿತಿಯಲ್ಲಿ ಎದ್ದ ಮೊದಲ ಪ್ರಶ್ನೆ: ಕೊಪ್ಪಳ ಜಿಲ್ಲೆಯಲ್ಲಿ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕಾಂಗರೂ ಆರೈಕೆಯ ಮೇಲೆ ಆಗಲೇ ಕೆಲಸ ಮಾಡಿದ್ದಾರಲ್ಲ, ನಿಮ್ಮದರಲ್ಲಿ ಹೊಸದೇನು? ಆ ಕೆಲಸವನ್ನು ನಾನು ಓದಿಕೊಂಡೇ ಹೋಗಿದ್ದೆ. ನನ್ನದು ಪಕ್ಕದ ಜಿಲ್ಲೆಯಲ್ಲಿ, ಡಿಸ್ಚಾರ್ಜ್ ಆದ ನಂತರ, ಅತ್ತೆ ಅಥವಾ ತವರಿನ ಅಮ್ಮನನ್ನೂ ಕೂರಿಸಿಕೊಂಡು ಹೇಳಿಕೊಟ್ಟರೆ ಏನಾಗುತ್ತದೆ ಎಂಬ ಅಧ್ಯಯನ ಎಂದು ಬಿಡಿಸಿ ಹೇಳಿದೆ. ನಿಮ್ಮ ಊರಿನ ಸುತ್ತ ಆಗಿರುವ ಸಂಶೋಧನೆಯನ್ನು ಮೊದಲು ಓದಿ, ವಿದೇಶದ್ದು ಆಮೇಲೆ.

ಸಂಶೋಧನೆಯ ನೈತಿಕತೆ ನೋಡುವ ಎಥಿಕ್ಸ್ ಕಮಿಟಿಗೆ ಪ್ರೊಟೊಕಾಲ್ (ಅಧ್ಯಯನದ ಯೋಜನೆ), ಕನ್ನಡದ ಮಾಹಿತಿ ಪತ್ರ, ಒಪ್ಪಿಗೆ ಪತ್ರ ಎಲ್ಲ ಕೊಟ್ಟೆ. ಓದಲು ಬಾರದ ತಾಯಿಯಿಂದ ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗ ಸಂಶೋಧನೆಗೆ ಸಂಬಂಧಿಸದ ಒಬ್ಬ ಸಾಕ್ಷಿ ಇರಬೇಕು ಎಂದು ಹೇಳಿದರು. ಅದು ಸರಿಯಾದ ಮಾತು. ನಮ್ಮದು ಎರಡು ಗುಂಪುಗಳನ್ನು ಹೋಲಿಸುವ ಪ್ರಯೋಗವಾದ್ದರಿಂದ ಸಿಟಿಆರ್‌ಐ, ಅಂದರೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲೂ ದಾಖಲಿಸಬೇಕು. ಮೊದಲ ತಾಯಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ಇದು ಆಗಬೇಕು, ಆಮೇಲೆ ಮಾಡಿದರೆ ನಡೆಯುವುದಿಲ್ಲ. ಅದಕ್ಕೆ ದುಡ್ಡಿಲ್ಲ, ಆದರೆ ಅವರು ಪ್ರಶ್ನೆ ಕೇಳಿ ವಾಪಸ್ ಕಳಿಸುತ್ತಾರೆ, ಒಂದೆರಡು ತಿಂಗಳು ಕೈಯಲ್ಲಿರಲಿ.

ಎಲ್ಲ ಅನುಮತಿ ಬರುವ ಹೊತ್ತಿಗೆ ಕೋವಿಡ್. ಸಂಶೋಧನೆಗೆ ವಾರ್ಡಿನೊಳಗೆ ಬಿಡುವ ಮಾತೇ ಇರಲಿಲ್ಲ, ನಮ್ಮ ಹುಡುಗಿಯರೇ ಕೋವಿಡ್ ಡ್ಯೂಟಿಗೆ ಹೋದರು. ಯುಜಿಸಿ ಗಡುವು ಮುಂದೂಡಿತು, ಆದರೆ ಮನಸ್ಸಿನ ಭಾರ ಇಳಿಯಲಿಲ್ಲ. ಅದೇ ಸಮಯದಲ್ಲಿ, 2021ರ ಮೇ ತಿಂಗಳಲ್ಲಿ, ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು: 1 ಕೆ.ಜಿ.ಯಿಂದ 1.8 ಕೆ.ಜಿ.ಯೊಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರುಮಾಡಿದರೆ, ಸ್ಥಿತಿ ಸುಧಾರಿಸಿದ ಮೇಲೆ ಶುರುಮಾಡುವುದಕ್ಕಿಂತ ಮೊದಲ 28 ದಿನಗಳ ಸಾವು ಶೇ. 25ರಷ್ಟು ಕಡಿಮೆ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 8ರಿಂದ 24 ಗಂಟೆ ಎಂದು ಶಿಫಾರಸು ಮಾಡಿತು. ನನ್ನ ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆಯಬೇಕಾಯಿತು. ಬರೆದೆ, ನನ್ನ ಕೆಲಸದ ಬೆಲೆ ನನಗೇ ಹೆಚ್ಚು ಗೊತ್ತಾಯಿತು.

ಡೇಟಾ ಕಲೆಕ್ಷನ್‌ಗೆ ಇಳಿದ ಮೇಲೆ ಯಾವ ಪಠ್ಯದಲ್ಲೂ ಹೇಳದ ತೊಡಕು ಎದುರಾಯಿತು. ಆಸ್ಪತ್ರೆಯ ರಿಜಿಸ್ಟರಿನಲ್ಲಿರುವುದು ಗಂಡನ ಮನೆಯ ವಿಳಾಸ, ಬಾಣಂತಿ ಇರುವುದು ತವರಿನಲ್ಲಿ. ತವರು ಇನ್ನೊಂದು ತಾಲ್ಲೂಕು, ಕೆಲವೊಮ್ಮೆ ಇನ್ನೊಂದು ಜಿಲ್ಲೆ. ಕೊಟ್ಟ ಫೋನ್ ನಂಬರ್ ಗಂಡನದು, ಅವನು ಗೋವಾದಲ್ಲೋ ಬೆಂಗಳೂರಿನಲ್ಲೋ ಕಟ್ಟಡದ ಕೆಲಸದಲ್ಲಿ. ನನ್ನನ್ನು ಕಾಪಾಡಿದವರು ಆಶಾ ಕಾರ್ಯಕರ್ತೆಯರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಅವರು 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಹೋಗಿ ನೋಡುತ್ತಾರೆ. ನನ್ನ ಭೇಟಿಗಳನ್ನು ಅವರ ದಿನಗಳಿಗೇ ಹೊಂದಿಸಿಕೊಂಡೆ. ದಾಖಲಿಸುವಾಗಲೇ ‘ಬಾಣಂತನ ಎಲ್ಲಿ?’ ಎಂದು ಕೇಳಿ, ತವರಿನ ವಿಳಾಸ ಮತ್ತು ಆ ಊರಿನ ಆಶಾ ಅವರ ನಂಬರ್ ಬರೆದುಕೊಳ್ಳುವುದನ್ನು ಫಾರಂನಲ್ಲೇ ಸೇರಿಸಿದೆ. ಮನೆಮನೆ ತಿರುಗುವ ಸಂಶೋಧನೆ ಮಾಡುವವರೆಲ್ಲ ಇದನ್ನು ಮೊದಲ ದಿನದಿಂದಲೇ ಮಾಡಿ.

ಒಂದು ಮನೆಗೆ ತೂಕದ ಯಂತ್ರ ಹಿಡಿದು ಹೋದಾಗ ಹೊರಗೆ ಜನ ಕೂತಿದ್ದರು. ಮಗು ಹಿಂದಿನ ರಾತ್ರಿ ತೀರಿಕೊಂಡಿತ್ತು. ಅದರ ಅಜ್ಜಿ ನನ್ನ ಕೈಹಿಡಿದು, ನೀನು ಹೇಳಿದಂಗ ಎಲ್ಲಾ ಮಾಡಿದ್ವಿ ತಂಗಿ, ಅಂದರು. ನಾನು ಚೀಲವನ್ನು ಜಗುಲಿಯ ಮೇಲಿಟ್ಟು ಅವರ ಜೊತೆ ಕೂತೆ. ಅಧ್ಯಯನದಲ್ಲಿದ್ದ ಮಗು ತೀರಿಹೋದರೆ ಎಥಿಕ್ಸ್ ಕಮಿಟಿಗೆ ನಿಗದಿತ ಅವಧಿಯೊಳಗೆ ವರದಿ ಮಾಡಬೇಕು, ಮಾಡಿದೆ. ಆ ಫಾರಂ ತುಂಬಿಸುವಾಗ ಅತ್ತಿದ್ದೇನೆ. ಅದಾದ ಮೇಲೆ ಕೆಲವು ವಾರ ಯಾರ ಮನೆಗೂ ಹೋಗಲಾಗಲಿಲ್ಲ. ನನ್ನ ಗೈಡ್ ಒತ್ತಾಯ ಮಾಡಲಿಲ್ಲ, ಒಂದು ದಿನ ಸುಮ್ಮನೆ ತಾವೇ ಜೊತೆಗೆ ಬಂದರು. ಹೊಸ ಸಂಶೋಧಕರನ್ನು ಇಂಥದ್ದಕ್ಕೆ ಯಾರೂ ಸಿದ್ಧಮಾಡುವುದಿಲ್ಲ, ಕೋರ್ಸ್‌ವರ್ಕ್‌ನಲ್ಲಿ ಇದಕ್ಕೂ ಜಾಗ ಬೇಕು.

ಖರ್ಚಿನ ಬಗ್ಗೆ. ವಿಶ್ವವಿದ್ಯಾಲಯದ ಶುಲ್ಕ ಎಲ್ಲರಿಗೂ ಕಾಣುತ್ತದೆ, ಉಳಿದದ್ದು ಕಾಣುವುದಿಲ್ಲ. ನನಗೆ ಹೆಚ್ಚು ಹೋದದ್ದು ಓಡಾಟಕ್ಕೆ: ಬಸ್ ಇಲ್ಲದ ಊರುಗಳಿಗೆ ಬಾಡಿಗೆ ಆಟೊ, ಗಂಡನ ಬೈಕಿಗೆ ಪೆಟ್ರೋಲ್. ಒಳ್ಳೆಯ ಡಿಜಿಟಲ್ ತೂಕದ ಯಂತ್ರ ಕೊಂಡೆ, ಅದನ್ನು ಆಗಾಗ ಕ್ಯಾಲಿಬ್ರೇಟ್ ಮಾಡಿಸಿದೆ. ಆಮೇಲೆ ಸ್ಟ್ಯಾಟಿಸ್ಟಿಷಿಯನ್, ಪ್ರಿಂಟ್, ಬೈಂಡಿಂಗ್. ಸ್ಟ್ಯಾಟಿಸ್ಟಿಷಿಯನ್ ಹತ್ತಿರ ಡೇಟಾ ಬಂದ ಮೇಲೆ ಹೋಗುವುದಲ್ಲ, ಸ್ಯಾಂಪಲ್ ಎಷ್ಟು ಬೇಕೆಂದು ಲೆಕ್ಕ ಹಾಕುವ ದಿನವೇ ಹೋಗಿ. ಎಷ್ಟು ತಾಯಂದಿರು ಮಧ್ಯದಲ್ಲಿ ಕೈಬಿಟ್ಟುಹೋಗಬಹುದು ಎಂಬುದನ್ನೂ ಆಗಲೇ ಸೇರಿಸಿ ಲೆಕ್ಕ ಹಾಕಿಸಿದ್ದರಿಂದ ನಾನು ಉಳಿದೆ.

ನಾನು ನೋಂದಾಯಿಸಿದಾಗ ಇದ್ದದ್ದು 2016ರ ನಿಯಮ, ಥೀಸಿಸ್‌ಗೆ ಮುಂಚೆ ಒಂದು ಪ್ರಬಂಧ ಜರ್ನಲ್‌ನಲ್ಲಿ ಬರಬೇಕು, ಎರಡು ಕಡೆ ಮಂಡಿಸಬೇಕು. 2022ರ ನಿಯಮದಲ್ಲಿ ಯುಜಿಸಿ ಈ ಕಡ್ಡಾಯವನ್ನು ತೆಗೆದಿದೆ, ಆದರೂ ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು, ವಿಚಾರಿಸಿ. ಕೃತಿಚೌರ್ಯ ಪರೀಕ್ಷೆಯಲ್ಲಿ ಶೇ. 10ರೊಳಗೆ ಇರಬೇಕು. ಬೇರೆಯವರ ಪ್ರಶ್ನಾವಳಿ ಬಳಸಿದ್ದರೆ ಅದರ ಸಾಲುಗಳೂ ಲೆಕ್ಕಕ್ಕೆ ಬಂದು ಗಾಬರಿಯಾಗುತ್ತದೆ, ಅದನ್ನು ಅನುಬಂಧಕ್ಕೆ ಹಾಕಿ, ಬಳಸಲು ಪಡೆದ ಅನುಮತಿ ಪತ್ರವನ್ನೂ ಜೊತೆಗಿಡಿ.

ಥೀಸಿಸ್ ಕೊಟ್ಟ ಮೇಲಿನ ಕಾಯುವಿಕೆ ಎಲ್ಲಕ್ಕಿಂತ ಉದ್ದ. ಹೊರಗಿನ ಪರೀಕ್ಷಕರಲ್ಲಿ ಒಬ್ಬರ ವರದಿ ಬೇಗ ಬಂತು, ಇನ್ನೊಬ್ಬರದು ತಿಂಗಳುಗಟ್ಟಲೆ ಬರಲಿಲ್ಲ. ಆ ಸಮಯದಲ್ಲಿ ನಾವು ಮಾಡಬಹುದಾದ್ದು ವಿಭಾಗಕ್ಕೆ ತಿಂಗಳಿಗೊಮ್ಮೆ ವಿನಯದಿಂದ ಬರೆದು ಕೇಳುವುದಷ್ಟೇ. ವೈವಾದಲ್ಲಿ ಪರೀಕ್ಷಕರು ಸ್ಟ್ಯಾಟಿಸ್ಟಿಕ್ಸ್ ಕೇಳಬಹುದೆಂದು ಹೆದರಿ ಹೋಗಿದ್ದೆ. ಅವರು ಬಹಳ ಹೊತ್ತು ಕೇಳಿದ್ದು ಅತ್ತೆಯಂದಿರ ಜೊತೆ ಹೇಗೆ ಮಾತನಾಡಿದಿರಿ, ಏನು ತೋರಿಸಿದಿರಿ ಎಂದು. ಗೊಂಬೆ ಕಟ್ಟಿಕೊಂಡು ಅಲ್ಲೇ ತೋರಿಸಿದೆ.

ಇನ್ನು ಬಾಕಿ ಇರುವುದು ಇಷ್ಟು: ತಿದ್ದಿದ ಪ್ರತಿ ಶೋಧಗಂಗಾಕ್ಕೆ (ಥೀಸಿಸ್‌ಗಳ ಆನ್‌ಲೈನ್ ಸಂಗ್ರಹಕ್ಕೆ) ಹೋಗಬೇಕು, ಘಟಿಕೋತ್ಸವಕ್ಕೆ ಅರ್ಜಿ ಹಾಕಬೇಕು, ಕಾಲೇಜಿನ ಸೇವಾ ದಾಖಲೆಯಲ್ಲಿ ಹೆಸರಿನ ಜೊತೆ ಪದವಿ ಸೇರಿಸಬೇಕು. ಅಧ್ಯಯನದಲ್ಲಿದ್ದ ಊರುಗಳ ಆಶಾ ಕಾರ್ಯಕರ್ತೆಯರಿಗೆ ಫಲಿತಾಂಶವನ್ನು ಕನ್ನಡದಲ್ಲಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರ ಮಾಸಿಕ ಸಭೆ ಬರುವ ವಾರವಿದೆ, ನಮ್ಮ ಕಾಲೇಜಿನ ನಾಲ್ವರು ವಿದ್ಯಾರ್ಥಿನಿಯರೂ ನನ್ನ ಜೊತೆ ಬರುತ್ತಿದ್ದಾರೆ.